ಚಳಿಗಾಲದ ಸ್ಟೀಲ್‌ಹೆಡ್: ಬಣ್ಣ ಆಮೇಲೆ, ಮೊದಲು ಭಾರದ ಲೆಕ್ಕ

ಸಿಯಾಟಲ್ ಕಡೆ ಕೆಲಸಕ್ಕೆ ಬಂದು, ಚಳಿಗಾಲದಲ್ಲಿ ಹೊಳೆಗಿಳಿದು ಸ್ಟೀಲ್‌ಹೆಡ್‌ಗೆ ಗಾಳ ಹಾಕುವ ಹುಚ್ಚು ಹತ್ತಿಸಿಕೊಂಡ ನನ್ನಂಥವರಿಗೆ ಈ ಟಿಪ್ಪಣಿ. ಗಾಳ ಎಸೆಯುವುದು, ರೀಲ್ ಸುತ್ತುವುದು, ಸಾಮಾನ್ಯ ಗಂಟು ಹಾಕುವುದು ನಿಮಗೆ ಗೊತ್ತಿದೆ ಅಂದುಕೊಂಡು ಬರೆಯುತ್ತಿದ್ದೇನೆ. ನನ್ನ ತಲೆಗೆ ಹೋಗಲು ಜಾಸ್ತಿ ಹೊತ್ತು ಹಿಡಿದದ್ದು ಒಂದೇ ವಿಷಯ: ನೀರ ಮೇಲೆ ತೇಲುವ ಬೆಂಡಿನ ಕೆಳಗೆ ಎಷ್ಟು ಭಾರ ಕಟ್ಟಬೇಕು ಅನ್ನೋದು. ಅದಕ್ಕೇ ಆ ಭಾಗ ಉದ್ದ ಆಗಿದೆ.

ಮೀನಿನ ಬಗ್ಗೆ, ಬೇಕಾದಷ್ಟೇ

ಸ್ಟೀಲ್‌ಹೆಡ್ ಅಂದರೆ ಸಮುದ್ರಕ್ಕೆ ಹೋಗಿ ಬರುವ ರೇನ್‌ಬೋ ಟ್ರೌಟ್. ಹೊಳೆಯಲ್ಲಿ ಹುಟ್ಟುತ್ತದೆ, ಪೆಸಿಫಿಕ್ ಸಾಗರದಲ್ಲಿ ಬೆಳೆಯುತ್ತದೆ, ಮೊಟ್ಟೆ ಇಡಲು ಹೊಳೆಗೆ ವಾಪಸ್ ಬರುತ್ತದೆ. ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆ ಇಟ್ಟು ಸಾಯುತ್ತವೆ. ಇವುಗಳಲ್ಲಿ ಕೆಲವು ಬದುಕಿ ಮತ್ತೆ ಕಡಲಿಗೆ ಇಳಿಯುತ್ತವೆ. 1969ರಿಂದ ಇದು ವಾಷಿಂಗ್ಟನ್ನಿನ ರಾಜ್ಯ ಮೀನು.

ಚಳಿಗಾಲದ ಗುಂಪು ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹೊಳೆ ಹತ್ತುತ್ತದೆ. ಆಗ ನೀರು 4ರಿಂದ 6 ಡಿಗ್ರಿ ಸೆಲ್ಸಿಯಸ್ ಇರುವುದು ಮಾಮೂಲು. ಅಷ್ಟು ತಣ್ಣಗಿನ ನೀರಲ್ಲಿ ಮೀನು ಮಂದವಾಗಿರುತ್ತದೆ. ಊಟ ಹುಡುಕಿಕೊಂಡು ದೂರ ಓಡುವುದಿಲ್ಲ. ಜೋರು ಸೆಳವಿನಲ್ಲೂ ನಿಲ್ಲುವುದಿಲ್ಲ. ನಾವು ನಡೆಯುವಷ್ಟು ವೇಗದ, ಸೊಂಟದಿಂದ ತಲೆಯವರೆಗಿನ ಆಳದ ನೀರಲ್ಲಿ, ತಳಕ್ಕೆ ಹತ್ತಿರವಾಗಿ ನಿಂತಿರುತ್ತದೆ. ಬೇಸಿಗೆಯ ಗುಂಪಿನ ಮೀನು ಮೇಲೆ ಬಂದು ಅಟ್ಟಿಸಿಕೊಂಡು ಹೋಗಬಹುದು. ಚಳಿಗಾಲದ್ದು ಹಾಗೆ ಮಾಡುವುದು ಅಪರೂಪ. ಹಾಗಾಗಿ ನಮ್ಮ ಎರೆ ಅದರ ಮೂಗಿನ ಹತ್ತಿರ, ತಳದ ನೀರಿನ ವೇಗದಲ್ಲೇ, ಹಾದು ಹೋಗಬೇಕು. ಕೆಳಗೆ ಬರುವ ಎಲ್ಲ ಲೆಕ್ಕಕ್ಕೂ ಕಾರಣ ಇಷ್ಟೇ.

ರಾಡ್, ರೀಲ್, ಲೈನ್

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಕಡಿಮೆ. ಸೀಸ ಕಟ್ಟಿ ತಳದಲ್ಲಿ ಉರುಳಿಸುವ ಡ್ರಿಫ್ಟ್ ಫಿಶಿಂಗ್‌ಗೆ ಎಂಟೂವರೆಯಿಂದ ಒಂಬತ್ತೂವರೆ ಅಡಿ ರಾಡ್ ಸಾಕು. ಬೆಂಡು ಬಳಸುವವರು ಇನ್ನೊಂದು ಅಡಿ ಉದ್ದ ಬಯಸುತ್ತಾರೆ, ಲೈನನ್ನು ನೀರಿನಿಂದ ಎತ್ತಿ ಹಿಡಿಯಲು ಅನುಕೂಲ ಅಂತ. ಒಂದೇ ಕೊಳ್ಳುವುದಾದರೆ ಒಂಬತ್ತೂವರೆ ಅಡಿಯದು, 8ರಿಂದ 12 ಪೌಂಡ್ ಲೈನಿಗೆ ಹೇಳಿ ಮಾಡಿಸಿದ್ದು. ಸ್ಪಿನ್ನಿಂಗ್ ರೀಲ್ 3000 ಅಥವಾ 4000 ಗಾತ್ರದ್ದು.

ಡ್ರಿಫ್ಟ್‌ಗೆ 10–12 ಪೌಂಡ್ ಮಾನೋ, ಅಂದರೆ ಒಂಟಿ ಎಳೆಯ ನೈಲಾನ್ ಲೈನ್. ಬೆಂಡಿಗೆ 30 ಪೌಂಡ್ ಬ್ರೇಡ್ (ಹೆಣೆದ ಲೈನ್), ಯಾಕೆಂದರೆ ಅದು ನೀರ ಮೇಲೆ ತೇಲುತ್ತದೆ. ತೇಲಿದರೆ ಲೈನನ್ನು ಎತ್ತಿ ಮೇಲ್ಬದಿಗೆ ಸರಿಸುವುದು ಸುಲಭ. ಆದರೆ ಬ್ರೇಡ್ ನೀರು ಹಿಡಿದುಕೊಳ್ಳುತ್ತದೆ. ಹಿಮ ಬೀಳುವ ಬೆಳಗ್ಗೆ ರಾಡ್‌ನ ಬಳೆಗಳಲ್ಲಿ ಐಸ್ ಕಟ್ಟುತ್ತದೆ, ಅದನ್ನು ಬೆರಳಿಂದ ಬಿಡಿಸುತ್ತಾ ಕೂರಬೇಕು.

ಕೊನೆಯ ತುಂಡಿಗೆ, ಅಂದರೆ ಲೀಡರ್‌ಗೆ, 8–12 ಪೌಂಡ್ ಫ್ಲೋರೋಕಾರ್ಬನ್. ಅದರ ಬಲ ಮುಖ್ಯ ಲೈನಿಗಿಂತ ಸ್ವಲ್ಪ ಕಡಿಮೆಯೇ ಇರಬೇಕು. ತಳದ ಬಂಡೆಗೆ ಸಿಕ್ಕಿಕೊಂಡರೆ ಕೊಕ್ಕೆ ಮಾತ್ರ ಹೋಗುತ್ತದೆ, ಬೆಂಡು ಉಳಿಯುತ್ತದೆ. ಬೆಂಡು ದುಬಾರಿ ಸ್ವಾಮಿ.

ಬೆಂಡಿನ ಲೆಕ್ಕ

ಈಗ ಅಸಲು ವಿಷಯ. ಲೈನಿನ ಮೇಲೆ ಮೇಲಿಂದ ಕೆಳಕ್ಕೆ ಕ್ರಮ ಹೀಗೆ: ದಾರದ ಸ್ಟಾಪರ್ ಗಂಟು, ಸಣ್ಣ ಮಣಿ, ಬೆಂಡು, ಇನ್ನೊಂದು ಮಣಿ, ಸೀಸ, ಸ್ವಿವೆಲ್ (ತಿರುಗುವ ಕೊಂಡಿ), ಒಂದೂವರೆ–ಎರಡು ಅಡಿ ಲೀಡರ್, ಕೊನೆಗೆ ಜಿಗ್, ಅಂದರೆ ಭಾರದ ತಲೆಯಿರುವ ಕೊಕ್ಕೆ. ಬೆಂಡು ಲೈನಿನ ಮೇಲೆ ಜಾರುತ್ತದೆ. ಸ್ಟಾಪರ್ ಎಲ್ಲಿದೆಯೋ ಅಲ್ಲಿಗೆ ಬಂದು ನಿಲ್ಲುತ್ತದೆ. ಸ್ಟಾಪರ್ ಸರಿಸಿದರೆ ಆಳ ಬದಲಾಗುತ್ತದೆ.

ಬೆಂಡಿನ ಮೇಲೆ 1/4, 3/8, 1/2, 3/4 ಅಂತ ಬರೆದಿರುತ್ತದೆ. ಔನ್ಸಿನ ಭಾಗಗಳು ಇವು. ಗ್ರಾಂ ಲೆಕ್ಕದಲ್ಲಿ ಬೆಳೆದವರಿಗೆ ಇದು ಕಣ್ಣಿಗೆ ಮಣ್ಣು. 3/8 ದೊಡ್ಡದೋ 1/4 ದೊಡ್ಡದೋ ಅಂತ ತಣ್ಣೀರಲ್ಲಿ ನಿಂತು ಯೋಚಿಸಬೇಕು. ಸಂಖ್ಯೆ ಬೆಂಡಿನ ತೂಕವಲ್ಲ ಅನ್ನೋದು ಇನ್ನೊಂದು ತೊಡಕು. ಆ ಬೆಂಡು ಎಷ್ಟು ಭಾರ ಹೊತ್ತು ನೆಟ್ಟಗೆ ನಿಲ್ಲುತ್ತದೆ ಅನ್ನೋದನ್ನು ಅದು ಹೇಳುತ್ತದೆ. ಆ ಭಾರದಲ್ಲಿ ಸೀಸವೂ ಸೇರಿತು, ಜಿಗ್ಗೂ ಸೇರಿತು.

ನಾನು ಕಂಡುಕೊಂಡ ದಾರಿ: ಔನ್ಸನ್ನು ರೂಪಾಯಿ ಅಂದುಕೊಳ್ಳಿ, ಹಳೆಯ ಹದಿನಾರು ಆಣೆಯ ರೂಪಾಯಿ. 1/16 ಒಂದಾಣೆ. 1/8 ಎರಡಾಣೆ. 1/4 ನಾಲ್ಕಾಣೆ. 3/8 ಆರಾಣೆ. 1/2 ಎಂಟಾಣೆ. 3/4 ಹನ್ನೆರಡಾಣೆ. ಭಿನ್ನರಾಶಿ ಮಾಯ! ಈಗ ಲೆಕ್ಕ ಕೂಡುವುದು, ಕಳೆಯುವುದು ಅಷ್ಟೇ.

ಎಂಟಾಣೆ ಬೆಂಡು ಇದೆ, ಎರಡಾಣೆ ಜಿಗ್ ಇದೆ ಅಂದುಕೊಳ್ಳಿ. ಸೀಸ ಎಷ್ಟು? ಆರಾಣೆ. ಅಂದರೆ 3/8 ಔನ್ಸ್. ಜಿಗ್ ನಾಲ್ಕಾಣೆಯದಾದರೆ ಸೀಸ ನಾಲ್ಕಾಣೆಗೆ ಇಳಿಯಬೇಕು. ಇಳಿಸದೆ ಆರಾಣೆಯೇ ಬಿಟ್ಟರೆ ಒಟ್ಟು ಹತ್ತಾಣೆ, ಬೆಂಡು ಮುಳುಗುತ್ತಾ ಹೋಗುತ್ತದೆ. ಮೀನು ಎಳೆದಂತೆಯೇ ಕಾಣುತ್ತದೆ, ಸುಮ್ನೆ ರಾಡ್ ಎತ್ತುತ್ತಿರುತ್ತೀರಿ. ಇನ್ನೊಂದು ಕಡೆ, ಬರೀ ನಾಲ್ಕಾಣೆ ಭಾರ ಕಟ್ಟಿದರೆ ಬೆಂಡು ಎತ್ತರಕ್ಕೆ ತೇಲಿ ವಾಲಾಡುತ್ತದೆ. ಅದನ್ನು ಕೆಳಕ್ಕೆಳೆಯಲು ಮೀನು ಜಾಸ್ತಿ ಬಲ ಹಾಕಬೇಕು. ಏನೋ ತಡೆಯುತ್ತಿದೆ ಅಂತ ಗೊತ್ತಾದರೆ ಉಗುಳಿಬಿಡುತ್ತದೆ.

ಜಿಗ್ ಬದಲು ಮೊಟ್ಟೆಯಂತೆ ಕಾಣುವ ಪ್ಲಾಸ್ಟಿಕ್ ಮಣಿ ಕಟ್ಟಿದರೆ ಅದರ ತೂಕ ಲೆಕ್ಕಕ್ಕೇ ಇಲ್ಲ. ಆಗ ಎಂಟಾಣೆ ಬೆಂಡಿಗೆ ಹೆಚ್ಚುಕಡಿಮೆ ಎಂಟಾಣೆ ಸೀಸವನ್ನೇ ಹಾಕಬಹುದು. ಜಿಗ್ ತೆಗೆದು ಮಣಿ ಹಾಕಿದಾಗ ಸೀಸ ಬದಲಿಸುವುದು ಮರೆಯಬೇಡಿ. ಬೆಂಡುಗಳ ತಯಾರಿಕೆಯಲ್ಲಿ ವ್ಯತ್ಯಾಸ ಇರುತ್ತದೆ. ಹಾಗಾಗಿ ಮನೆಯಲ್ಲೇ ಆಳವಾದ ಬಕೆಟ್‌ಗೆ ನೀರು ತುಂಬಿ, ಬೆಂಡಿನ ಕೆಳಗೆ ಸೀಸ ಜಿಗ್ ಕಟ್ಟಿ ಬಿಟ್ಟು ನೋಡಿ. ಬಣ್ಣ ಬಳಿದ ತುದಿ ಮಾತ್ರ ಮೇಲೆ ಕಂಡರೆ ಸರಿ. ಒಂದಾಣೆಯಷ್ಟು ಕಡಿಮೆ ಇದ್ದರೂ ಅಡ್ಡಿಯಿಲ್ಲ, ಸ್ವಿವೆಲ್ ಮತ್ತು ಅಲೆಗೆ ಅಷ್ಟು ಬಿಡಲೇಬೇಕು.

ಯಾವ ನೀರಿಗೆ ಯಾವ ಬೆಂಡು? ಸಣ್ಣ, ತಿಳಿ, ನಿಧಾನದ ನೀರಿಗೆ ನಾಲ್ಕಾಣೆ. ಸಾಮಾನ್ಯ ಹೊಳೆಗೆ ಆರಾಣೆ, ಎಂಟಾಣೆ. ಆಳದ, ಸೆಳವಿನ ಮಡುವಿಗೆ ಹನ್ನೆರಡಾಣೆ, ಕೆಲವು ಕಡೆ ಪೂರ್ತಿ ರೂಪಾಯಿ. ಇದಕ್ಕೆ ಕಾರಣ ಹೊಳೆಯ ತಳದಲ್ಲಿದೆ. ಕಲ್ಲಿಗೆ ಉಜ್ಜಿಕೊಂಡು ಹೋಗುವ ನೀರು ನಿಧಾನ, ಮೇಲಿನ ನೀರು ವೇಗ. ಬೆಂಡು ಮೇಲಿನ ವೇಗದಲ್ಲಿ ಓಡಿ, ಜಿಗ್ಗನ್ನು ತನ್ನ ಹಿಂದೆ ಎಳೆದುಕೊಂಡು ಹೋಗಲು ನೋಡುತ್ತದೆ. ಎಳೆದಾಗ ಜಿಗ್ ತಳದಿಂದ ಮೇಲೇಳುತ್ತದೆ. ಭಾರ ಜಾಸ್ತಿಯಿದ್ದಷ್ಟೂ ಜಿಗ್ ಬೆಂಡಿನ ನೇರ ಕೆಳಗೆ ಇರುತ್ತದೆ.

ಆಳ ಅಳೆಯುವಾಗ ಒಂದು ಸೂಕ್ಷ್ಮ: ಬೆಂಡಿನಿಂದ ಜಿಗ್‌ವರೆಗಿನ ದೂರ ಲೆಕ್ಕಕ್ಕೆ ಬರುತ್ತದೆ, ಸೀಸದವರೆಗಿನದಲ್ಲ. ನೀರು ಆರು ಅಡಿ ಇದ್ದರೆ ಜಿಗ್ ಐದು ಅಡಿಯಲ್ಲಿರಲಿ. ಲೀಡರ್ ಒಂದೂವರೆ ಅಡಿ ಆದ್ದರಿಂದ ಸೀಸ ಮೂರೂವರೆ ಅಡಿಯಲ್ಲಿ ತೂಗುತ್ತಿರುತ್ತದೆ. ಬೆಂಡು ಒಂದೇ ಜಾಗದಲ್ಲಿ ಪದೇ ಪದೇ ತಡೆದರೆ ಜಿಗ್ ಅರ್ಧ ಅಡಿ ಮೇಲಕ್ಕೆ ಬರಲಿ. ಎಲ್ಲೂ ತಾಗದೇ ಇದ್ದರೆ ಜಿಗ್ ಅರ್ಧ ಅಡಿ ಕೆಳಕ್ಕೆ ಹೋಗಲಿ.

ಬೆಂಡಿನ ತಲೆ ನೋಡಿದರೂ ಸಾಕು. ತಲೆ ಕೆಳಹರಿವಿನ ಕಡೆ ಬಾಗಿದರೆ ಜಿಗ್ ತಳದಲ್ಲಿ ಎಳೆದಾಡುತ್ತಿದೆ ಅಂತ. ಲೈನನ್ನು ಸ್ವಲ್ಪ ಹಿಡಿದು ತಲೆ ಮೇಲ್ಹರಿವಿನ ಕಡೆ ಒಂಚೂರು ಬಾಗುವಂತೆ ಮಾಡಿದರೆ ಜಿಗ್ ಮುಂದೆ ಹೋಗುತ್ತದೆ, ಮೀನಿಗೆ ಲೈನಿಗಿಂತ ಮೊದಲು ಅದೇ ಕಾಣುತ್ತದೆ. ಪೂರ್ತಿ ಅಡ್ಡ ಮಲಗಿದರೆ ಸೀಸವೇ ತಳದಲ್ಲಿ ಕೂತಿದೆ. ನನ್ನ ಮಟ್ಟಿಗೆ ಎಲ್ಲ ಬಣ್ಣದ ಚರ್ಚೆಗಿಂತ ಈ ವಾಲುವಿಕೆಯೇ ಹೆಚ್ಚು ಕಲಿಸುತ್ತದೆ.

ಬೆಂಡಿಲ್ಲದೆ

ಡ್ರಿಫ್ಟ್‌ನಲ್ಲಿ ಪೆನ್ಸಿಲ್‌ನಂತಿರುವ ಉದ್ದನೆಯ ಸೀಸದ ಕಡ್ಡಿ. ಅದಕ್ಕೆ ಅಂಕಿ ಬರೆದಿರುವುದಿಲ್ಲ, ಕತ್ತರಿಸಿಕೊಳ್ಳುತ್ತಾ ಹೋಗಬೇಕು. ಎರಡು ಮೂರು ಸೆಕೆಂಡಿಗೊಮ್ಮೆ ಟಕ್ ಅಂತ ತಳ ತಾಗಿದರೆ ಸರಿ. ಬಿಡದೆ ಟಕ ಟಕ ಅಂದರೆ ಭಾರ ಜಾಸ್ತಿ, ಏನೂ ತಾಗದಿದ್ದರೆ ಕಡಿಮೆ. ಬಂಡೆ ಜಾಸ್ತಿ ಇರುವ ಕಡೆ ಸ್ಲಿಂಕಿ ಒಳ್ಳೆಯದು. ಅದು ಪ್ಯಾರಾಶೂಟ್ ದಾರದ ಕೊಳವೆಯೊಳಗೆ ಸೀಸದ ಗುಂಡು ತುಂಬಿದ್ದು, ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಕೊಕ್ಕೆಯ ಬಳಿ ಕಾರ್ಕಿ ಅನ್ನುವ ತೇಲುವ ಸಣ್ಣ ಗುಂಡು, ಅದರ ಕೆಳಗೆ ಸ್ವಲ್ಪ ಉಲ್ಲನ್ ನೂಲು. ನೂಲು ಮೀನಿನ ಹಲ್ಲಿಗೆ ಸಿಕ್ಕಿ ಒಂದು ಕ್ಷಣ ಜಾಸ್ತಿ ಹಿಡಿದಿರುವಂತೆ ಮಾಡುತ್ತದೆ. ಮೀನಿನ ಮೊಟ್ಟೆ ಕಟ್ಟುವವರು ಎಗ್ ಲೂಪ್ ಗಂಟು ಕಲಿಯಲೇಬೇಕು.

ಬಣ್ಣ ಮತ್ತು ಗಾತ್ರ

ನೀರಿನ ಬಣ್ಣ ನೋಡಿ ಆರಿಸಿದರೆ ಸಾಕು. ತಿಳಿನೀರಲ್ಲಿ 8–10 ಮಿಲಿಮೀಟರ್ ಮಣಿ, ಎರಡಾಣೆ ಜಿಗ್, ಮಾಸಲು ಗುಲಾಬಿ ಅಥವಾ ಪೀಚ್ ಬಣ್ಣ, 8 ಪೌಂಡ್ ಲೀಡರ್. ಮೊಣಕಾಲು ನೀರಲ್ಲಿ ನಿಂತಾಗ ಬೂಟು ಮಸುಕಾಗಿ ಕಂಡು, ನೀರು ಹಸಿರಾಗಿದ್ದರೆ ಅದೇ ಎಲ್ಲರೂ ಕಾಯುವ ನೀರು. ಆಗ 12–14 ಮಿಲಿಮೀಟರ್ ಮಣಿ, ಗುಲಾಬಿ ರಬ್ಬರ್ ಹುಳ, ನಾಲ್ಕಾಣೆ ಜಿಗ್. ಕದಡಿದ್ದರೆ ದೊಡ್ಡದು, ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗಿಳಿಹಸಿರು, ತಿರುಗುವ ರೆಕ್ಕೆಯ ಸ್ಪಿನ್-ಎನ್-ಗ್ಲೋ. ಕಾಫಿಯಂತಾಗಿದ್ದರೆ ಮನೆಗೆ ಹೋಗಿ. ಹೊರಡುವ ಮೊದಲು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ (ಯುಎಸ್‌ಜಿಎಸ್) ನದಿ ಮಾಪಕ ನೋಡಿದರೆ ಪೆಟ್ರೋಲ್ ಉಳಿಯುತ್ತದೆ. ಮಳೆ ನಿಂತು ನೀರಿನ ಮಟ್ಟದ ಗೆರೆ ಇಳಿಯುತ್ತಿರಬೇಕು.

ಮಣಿಯನ್ನು ಕೊಕ್ಕೆಗೆ ಅಂಟಿಸಿ ಕಟ್ಟಬೇಡಿ. ಒಂದೂವರೆ–ಎರಡು ಇಂಚು ಮೇಲೆ ಕಡ್ಡಿ ಸಿಗಿಸಿ ನಿಲ್ಲಿಸಿ. ಮೀನು ಮಣಿ ಉಗುಳುವಾಗ ಕೊಕ್ಕೆ ದವಡೆಯ ಹೊರಗಡೆ ಹಿಡಿಯುತ್ತದೆ, ಗಂಟಲಿಗೆ ಹೋಗುವುದಿಲ್ಲ.

ಸ್ಪೂನ್, ಅಂದರೆ ಚಮಚದಂಥ ಲೋಹದ ಎರೆ, 2/5 ಔನ್ಸಿನದು ಇಲ್ಲಿ ಹೆಸರುವಾಸಿ. ಆಣೆ ಲೆಕ್ಕಕ್ಕೆ ಬಗ್ಗುವುದಿಲ್ಲ, ಆರು ಚಿಲ್ಲರೆ ಆಣೆ ಅಂದುಕೊಳ್ಳಿ. ಹೊಳೆಗೆ ಅಡ್ಡ ಎಸೆದು, ಲೈನ್ ಬಿಗಿಯಾಗಿ ಹಿಡಿದು, ದಡದ ಕಡೆ ನಿಧಾನ ತೂಗಿ ಬರಲು ಬಿಡಿ. ಸ್ಪಿನ್ನರ್‌ನಲ್ಲಿ (ತಿರುಗುವ ತಗಡಿನ ಎರೆ) ವೈಬ್ರಾಕ್ಸ್ ಅನ್ನುವುದರ 4 ಅಥವಾ 5ನೇ ಗಾತ್ರ.

ಕೊಳ್ಳುವ ಮೊದಲು ನಿಯಮ

ಇದನ್ನು ಮೊದಲೇ ಹೇಳಬೇಕಿತ್ತೇನೋ, ಯಾಕೆಂದರೆ ಡಬ್ಬಿಯ ಅರ್ಧ ಸಾಮಾನನ್ನು ನಿಯಮವೇ ತೀರ್ಮಾನಿಸುತ್ತದೆ. ಸಿಯಾಟಲ್ ಪಕ್ಕದ ಕಡಲ ಕೊಲ್ಲಿ ಪ್ಯೂಜೆಟ್ ಸೌಂಡ್‌ನ ಸ್ಟೀಲ್‌ಹೆಡ್ 2007ರಿಂದ ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆಯ ಪಟ್ಟಿಯಲ್ಲಿದೆ. ಕಾಡು ಮೀನನ್ನು ಸಾಮಾನ್ಯವಾಗಿ ಬಿಡಲೇಬೇಕು. ಬಿಡಬೇಕಾದ ಮೀನನ್ನು ನೀರಿನಿಂದ ಪೂರ್ತಿ ಎತ್ತುವ ಹಾಗಿಲ್ಲ, ಫೋಟೋಗೂ ಇಲ್ಲ. ಸಾಕು ಕೇಂದ್ರದ ಮೀನನ್ನು ಗುರುತಿಸಲು ಬೆನ್ನಿನ ಹಿಂಭಾಗದ ಚಿಕ್ಕ ಕೊಬ್ಬಿನ ರೆಕ್ಕೆ ನೋಡಿ, ಅದನ್ನು ಮರಿಯಾಗಿದ್ದಾಗಲೇ ಕತ್ತರಿಸಿರುತ್ತಾರೆ. ಕತ್ತರಿಸಿದ ಜಾಗದಲ್ಲಿ ವಾಸಿಯಾದ ಗುರುತು ಇರಬೇಕು.

ಫೋರ್ಕ್ಸ್ ಊರಿನ ಸುತ್ತಲಿನ ಹೋ, ಸೋಲ್ ಡಕ್, ಬೋಗಚೀಲ್ ಹೊಳೆಗಳಿಗೆ ಹೋಗುವವರು ಆಯಾ ವಾರದ ತುರ್ತು ನಿಯಮ ನೋಡಿಕೊಳ್ಳಿ. ಮೊಟ್ಟೆ, ಸೀಗಡಿಯಂಥ ಎರೆಗೆ ಅಲ್ಲಿ ನಿಷೇಧ ಬರುತ್ತಿರುತ್ತದೆ, ಮುಳ್ಳಿಲ್ಲದ ಒಂಟಿ ಕೊಕ್ಕೆ ಮಾತ್ರ ಅನ್ನುತ್ತಾರೆ. ಹಾಗಾಗಿ ಸ್ಪೂನ್, ಸ್ಪಿನ್ನರ್ ಕೊಂಡ ತಕ್ಷಣ ಮೂರು ತುದಿಯ ಕೊಕ್ಕೆ ತೆಗೆದು ಒಂದೇ ತುದಿಯ ಸೈವಾಶ್ ಕೊಕ್ಕೆ ಹಾಕಿಬಿಡಿ. ಜಿಗ್‌ಗಳ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಹತ್ತಿ ಬಟ್ಟೆಯ ಮೇಲೆ ಎಳೆದು ನೋಡಿ. ದಾರ ಹಿಡಿದರೆ ಇನ್ನೊಮ್ಮೆ ಒತ್ತಬೇಕು.