ಮೈಸೂರು ಹೆಣೆದ ಒಂದೇ ಬುಟ್ಟಿ

ಸರ್ಕಾರಿ ಕೆಲಸದ ಮೀಸಲಾತಿ ಅಂದ ಕೂಡಲೇ ಬಹಳ ಜನ, ಹಿಂದುಳಿದ ವರ್ಗಗಳಿಗೆ ಕೇಂದ್ರದ ಹುದ್ದೆಗಳಲ್ಲಿ ಪಾಲು ಕೊಡಲು ಹೇಳಿದ 1980ರ ಮಂಡಲ್ ವರದಿಯಿಂದ ಮಾತು ಶುರು ಮಾಡುತ್ತಾರೆ. ನಮ್ಮಲ್ಲಿ ಈ ಜಗಳ ಅದಕ್ಕಿಂತ ತುಂಬಾ ಹಳೆಯದು.

1918ರ ಮೈಸೂರು ಸಂಸ್ಥಾನ. ಜನಸಂಖ್ಯೆಯಲ್ಲಿ ಶೇ. 4ರ ಆಸುಪಾಸಿನಲ್ಲಿದ್ದ ಬ್ರಾಹ್ಮಣರ ಕೈಯಲ್ಲಿ ಅರ್ಧಕ್ಕಿಂತ ಜಾಸ್ತಿ ಗೆಜೆಟೆಡ್ ಹುದ್ದೆಗಳು, ಅಂದರೆ ಮೇಲಿನ ದರ್ಜೆಯ ಸರ್ಕಾರಿ ಹುದ್ದೆಗಳು, ಇದ್ದವು. ಉಳಿದ ಸಮುದಾಯಗಳ ಮುಖಂಡರು ಒಟ್ಟಾಗಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಮನವಿ ಕೊಟ್ಟರು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ನೇತೃತ್ವದಲ್ಲಿ ಸಮಿತಿ ನೇಮಿಸಿದರು.

ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಹಿಡಿಸಲಿಲ್ಲ. ಹಿಂದುಳಿದವರನ್ನು ಓದಿಸೋಣ, ಕೆಲಸವನ್ನು ಮಾತ್ರ ಅರ್ಹತೆ ನೋಡಿಯೇ ಕೊಡೋಣ ಅನ್ನುವುದು ಅವರ ನಿಲುವು. ಕೊನೆಗೆ ದಿವಾನಗಿರಿಯನ್ನೇ ಬಿಟ್ಟರು. ಅವರ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಆದರೆ ಎಲ್ಲರೂ ಓದಿ ಬರುವವರೆಗೆ ಕಾಯುತ್ತಾ ಕೂತಿದ್ದರೆ, ಅಷ್ಟರಲ್ಲಿ ಕುರ್ಚಿಗಳೆಲ್ಲ ಭರ್ತಿಯಾಗಿರುತ್ತಿದ್ದವು, ಅಲ್ವಾ?

ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಸಿಗಬೇಕು ಎಂದಿತು ಮಿಲ್ಲರ್ ಸಮಿತಿ. 1921ರಲ್ಲಿ ಆದೇಶವೂ ಬಂತು. ಹಿಂದುಳಿದವರು ಅಂದರೆ ಯಾರು? ಬ್ರಾಹ್ಮಣರು, ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರನ್ನು ಬಿಟ್ಟು ಎಲ್ಲರೂ! ಊರ ಗೌಡನೂ ಅವನ ಹೊಲದಲ್ಲಿ ದುಡಿಯುವ ಹೊಲೆಯ, ಮಾದಿಗರೂ ಒಂದೇ ಬುಟ್ಟಿಗೆ ಬಿದ್ದರು. ಒಗ್ಗಟ್ಟಿಗೆ ಆಗ ಅದು ಬೇಕಿತ್ತೇನೋ. ಮುಂದಿನ ಜಗಳವೆಲ್ಲ ಆ ಬುಟ್ಟಿಯೊಳಗಿನದ್ದೇ.

ಸ್ವಾತಂತ್ರ್ಯದ ನಂತರ ಸಂವಿಧಾನದ 16(4)ನೇ ವಿಧಿ ಹುದ್ದೆಗಳ ಮೀಸಲಾತಿಗೆ ಅವಕಾಶ ಕೊಟ್ಟಿತು. ದಲಿತರು, ಆದಿವಾಸಿಗಳಿಗೆ ಬೇರೆಯದೇ ಪಟ್ಟಿಗಳಾದವು. ಮಿಕ್ಕವರಲ್ಲಿ ಯಾರು ಹಿಂದುಳಿದವರು ಅನ್ನುವುದು ಮಾತ್ರ ಬಗೆಹರಿಯಲಿಲ್ಲ. 1962ರಲ್ಲಿ ಮೈಸೂರು ಸರ್ಕಾರ ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ. 68ರಷ್ಟನ್ನು ಮೀಸಲಿಟ್ಟಿತು. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಮೀಸಲಾತಿ ಸಾಮಾನ್ಯವಾಗಿ ಶೇ. 50ರ ಒಳಗಿರಬೇಕು ಎಂದಿತು. ಇಡೀ ದೇಶ ಇವತ್ತಿಗೂ ಜಪಿಸುವ ಶೇ. 50ರ ಮಾತು ಹುಟ್ಟಿದ್ದು ಮೈಸೂರಿನ ಕೇಸಿನಲ್ಲಿ. ಅದು ಸೀಟುಗಳ ಕೇಸು, ಆದರೆ ಲೆಕ್ಕ ಹುದ್ದೆಗಳಿಗೂ ಬಂತು. ಮಂಡಲ್ ಮೀಸಲಾತಿಯ ಬಗ್ಗೆ ಅದೇ ಕೋರ್ಟ್ ಕೊಟ್ಟ 1992ರ ಇಂದ್ರಾ ಸಾಹ್ನಿ ತೀರ್ಪು ಅದನ್ನೇ ಗಟ್ಟಿ ಮಾಡಿತು.

ಬುಟ್ಟಿಯನ್ನು ನಿಜಕ್ಕೂ ಬಿಡಿಸಿ ನೋಡಿದ್ದು ಮುಖ್ಯಮಂತ್ರಿ ದೇವರಾಜ ಅರಸು ಕಾಲದ ಹಿಂದುಳಿದ ವರ್ಗಗಳ ಆಯೋಗ, ಅಂದರೆ ಹಾವನೂರು ಆಯೋಗ. 1975ರ ಅದರ ವರದಿ ಲಿಂಗಾಯತರನ್ನು ಪಟ್ಟಿಯಿಂದ ಹೊರಗಿಟ್ಟಿತು. ದೊಡ್ಡ ಗಲಾಟೆಯಾಯಿತು. 1918ರಲ್ಲಿ ಜೊತೆಗೆ ನಿಂತವರು ಈಗ ಎದುರುಬದುರು. ಆಮೇಲೆ ಬಂದ ವೆಂಕಟಸ್ವಾಮಿ, ಚಿನ್ನಪ್ಪ ರೆಡ್ಡಿ ಆಯೋಗಗಳಿಗೂ ಇಂಥದ್ದೇ ಸ್ವಾಗತ.

ಪರಿಶಿಷ್ಟ ಜಾತಿಗಳ ಪಟ್ಟಿಯೊಳಗೂ ಇದೇ ಪ್ರಶ್ನೆ ಎದ್ದಿತು. ಅದರೊಳಗೆ ಪಾಲು ಮಾಡಬಹುದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ರಾಜ್ಯ ಸಚಿವ ಸಂಪುಟ ಪರಿಶಿಷ್ಟ ಜಾತಿಗಳ ಶೇ. 17ರ ಮೀಸಲಾತಿಯನ್ನು ಮಾದಿಗ (ಎಡಗೈ) ಗುಂಪಿಗೆ 6, ಹೊಲೆಯ (ಬಲಗೈ) ಗುಂಪಿಗೆ 6, ಲಂಬಾಣಿ, ಭೋವಿ ಮೊದಲಾದವರ ಗುಂಪಿಗೆ 5 ಎಂದು ಹಂಚಿತು. ಈ ಹಂಚಿಕೆಗೆಂದೇ ಸರ್ಕಾರ ನೇಮಿಸಿದ್ದ ನಾಗಮೋಹನ್ ದಾಸ್ ಆಯೋಗ ಪಟ್ಟಿಯಲ್ಲಿದ್ದ ಅಲೆಮಾರಿಗಳಿಗೆ ಪ್ರತ್ಯೇಕವಾಗಿ ಶೇ. 1 ಕೊಡಲು ಹೇಳಿತ್ತು. ಸಂಪುಟ ಅವರನ್ನು ಆ ಶೇ. 5ರ ಗುಂಪಿಗೆ ಸೇರಿಸಿತು. ಬಲವಿದ್ದವರ ಜೊತೆ ನಾವು ಪೈಪೋಟಿ ಮಾಡುವುದು ಹೇಗೆ ಎಂದು ಅಲೆಮಾರಿಗಳು ಬೀದಿಗಿಳಿದರು.