ಕಾಫಿಗೆ ಕನಿಷ್ಠ ಬೆಲೆ: ಸರ್ಕಾರಗಳು ಕೈಬಿಟ್ಟಿದ್ದು, ಒಂದು ಮುದ್ರೆ ಕೈಗೆತ್ತಿಕೊಂಡಿದ್ದು

ಚಿಕ್ಕಮಗಳೂರಿನಲ್ಲೋ ಮಡಿಕೇರಿಯಲ್ಲೋ ಯಾವುದಾದರೂ ಕಾಫಿ ಬೆಳೆಗಾರರನ್ನು 'ಈಗ ರೇಟ್ ಎಷ್ಟು?' ಅಂತ ಕೇಳಿ. ಫೋನ್ ತೆಗೆದು ನ್ಯೂಯಾರ್ಕ್, ಲಂಡನ್ ಮಾರುಕಟ್ಟೆಗಳ ದರ ನೋಡುತ್ತಾರೆ. ಅರೇಬಿಕಾಗೆ ನ್ಯೂಯಾರ್ಕ್, ರೋಬಸ್ಟಾಗೆ ಲಂಡನ್. ಬೆಳೆಯುವುದು ಇಲ್ಲಿ, ಬೆಲೆ ಕಟ್ಟುವುದು ಅಲ್ಲಿ. ಇದು ಎಷ್ಟು ಅಭ್ಯಾಸವಾಗಿದೆ ಅಂದರೆ, ಮೊದಲಿನಿಂದಲೂ ಹೀಗೇ ಇತ್ತು ಅಂದುಕೊಂಡುಬಿಟ್ಟಿದ್ದೇವೆ. ಹಾಗೇನೂ ಇರಲಿಲ್ಲ. ಬೆಲೆ ತೀರಾ ನೆಲಕಚ್ಚದಂತೆ ದೇಶದೇಶಗಳ ಸರ್ಕಾರಗಳೇ ಕೂತು ನೋಡಿಕೊಳ್ಳುತ್ತಿದ್ದ ಕಾಲ ಒಂದಿತ್ತು.

ಆ ಕಾಲ ಮುಗಿಯುತ್ತಿದ್ದಾಗಲೇ ಕಾಫಿ ಪೊಟ್ಟಣದ ಮೇಲೆ 'ಫೇರ್ ಟ್ರೇಡ್', ಅಂದರೆ ರೈತರಿಗೆ ನ್ಯಾಯದ ಬೆಲೆ ಕೊಟ್ಟಿದೆ ಅನ್ನುವ ಮುದ್ರೆ ಕಾಣಿಸಿಕೊಂಡಿತು. ಅದನ್ನು ಸಾಮಾನ್ಯವಾಗಿ ಒಳ್ಳೆ ಮನಸ್ಸಿನ ಗ್ರಾಹಕರ ಕಥೆಯಾಗಿ ಹೇಳುತ್ತಾರೆ. ನನಗನ್ನಿಸುವಂತೆ ಅದು ಅರ್ಧ ಕಥೆ. ಸರ್ಕಾರಗಳು ಬಿಟ್ಟುಹೋದ ಕೆಲಸವನ್ನು ಅಂಗಡಿಗೆ ಬರುವ ಗ್ರಾಹಕರ ಜೇಬಿನಿಂದ ಮಾಡಿಸಲು ಹೊರಟ ಕಥೆ ಅದು.

1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಆಯಿತು. ಬ್ರೆಜಿಲ್, ಕೊಲಂಬಿಯಾದಂಥ ಬೆಳೆಯುವ ದೇಶಗಳೂ ಇದ್ದವು, ಕುಡಿಯುವ ಅಮೆರಿಕ, ಯುರೋಪೂ ಇದ್ದವು. ಯಾವ ದೇಶ ಎಷ್ಟು ರಫ್ತು ಮಾಡಬೇಕು ಅಂತ ಕೋಟಾ. ಬೆಲೆ ಬಿದ್ದರೆ ಕೋಟಾ ಬಿಗಿ, ಏರಿದರೆ ಸಡಿಲ. ಅಮೆರಿಕ ಇದಕ್ಕೆ ಒಪ್ಪಿದ್ದು ರೈತರ ಮೇಲಿನ ಮಮತೆಯಿಂದಲ್ಲ. ಕ್ಯೂಬಾದಲ್ಲಿ ಕ್ರಾಂತಿ ಆಗಿ ಮೂರು ವರ್ಷವಾಗಿತ್ತು. ಲ್ಯಾಟಿನ್ ಅಮೆರಿಕದ ಕಾಫಿ ರೈತರು ಬಡವಾದಷ್ಟೂ ಕೆಂಪು ಬಾವುಟ ಹಿಡಿಯುತ್ತಾರೆ ಅನ್ನುವ ಭಯ ವಾಷಿಂಗ್ಟನ್‌ಗೆ ಇತ್ತು.

ನಡುವೆ ಕೆಲವು ವರ್ಷ ಕೋಟಾ ನಿಂತಿದ್ದೂ ಇದೆ. 1980ರ ದಶಕದಲ್ಲಿ ಮತ್ತೆ ಜಾರಿಗೆ ಬಂದಾಗ ಬೆಲೆಯನ್ನು ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, 1.20ರಿಂದ 1.40 ಡಾಲರ್ ನಡುವೆ ಇಡುವುದು ಗುರಿಯಾಗಿತ್ತು. ಸ್ವರ್ಗವೇನಲ್ಲ. ಹಲವು ದೇಶಗಳಲ್ಲಿ ಲಾಭದ ಕೆನೆ ರೈತರಿಗಿಂತ ಮೊದಲು ಅಧಿಕಾರಿಗಳಿಗೂ ರಫ್ತುದಾರರಿಗೂ ಹೋಗುತ್ತಿತ್ತು. ಆದರೂ ಕಾಲ ಕೆಳಗೆ ಒಂದು ನೆಲ ಅಂತ ಇತ್ತು.

1989ರ ಜುಲೈ 4ರಂದು ಆ ನೆಲ ಕುಸಿಯಿತು. ಯಾರಿಗೆ ಎಷ್ಟು ಕೋಟಾ ಅನ್ನುವ ಜಗಳ ಬಗೆಹರಿಯಲಿಲ್ಲ. ಒಪ್ಪಂದದ ಹೊರಗಿದ್ದ ದೇಶಗಳಿಗೆ ಕಾಫಿ ಅಗ್ಗಕ್ಕೆ ಹೋಗುತ್ತಿದೆ ಅನ್ನುವ ಸಿಟ್ಟು ಬೇರೆ ಇತ್ತು. ಶೀತಲ ಸಮರ ತಣ್ಣಗಾಗುತ್ತಿದ್ದುದರಿಂದ ಅಮೆರಿಕಕ್ಕೂ ಆಸಕ್ತಿ ಹೋಗಿತ್ತು. ಕೋಟಾ ರದ್ದಾದ ಮೇಲೆ ಗೋದಾಮುಗಳಲ್ಲಿದ್ದ ಕಾಫಿಯೆಲ್ಲ ಒಟ್ಟಿಗೇ ಮಾರುಕಟ್ಟೆಗೆ ಬಂತು. 1992ರ ಹೊತ್ತಿಗೆ ಬೆಲೆ ಪೌಂಡಿಗೆ 50 ಸೆಂಟ್ ಆಸುಪಾಸಿನಲ್ಲಿತ್ತು.

ಕೋಟಾ ರದ್ದಾಗುವುದಕ್ಕೆ ಕೆಲವೇ ತಿಂಗಳು ಮೊದಲು, 1988ರ ನವೆಂಬರ್‌ನಲ್ಲಿ, ನೆದರ್ಲೆಂಡ್ಸ್‌ನಲ್ಲಿ ಮೊದಲ ಫೇರ್ ಟ್ರೇಡ್ ಮುದ್ರೆ 'ಮ್ಯಾಕ್ಸ್ ಹಾವೆಲಾರ್' ಶುರುವಾಗಿತ್ತು. ಹೆಸರು 1860ರ ಡಚ್ ಕಾದಂಬರಿಯೊಂದರ ನಾಯಕನದು. ಡಚ್ ಆಡಳಿತ ಜಾವಾದ ರೈತರಿಂದ ಬಲವಂತವಾಗಿ ಬೆಳೆ ತೆಗೆಸುತ್ತಿದ್ದುದನ್ನು ಆ ಕಾದಂಬರಿ ಬಯಲಿಗೆಳೆದಿತ್ತು. ಆದರೆ ಮುದ್ರೆಯ ಬೇರು ಇದ್ದದ್ದು ಮೆಕ್ಸಿಕೋದಲ್ಲಿ.

ದಕ್ಷಿಣ ಮೆಕ್ಸಿಕೋದ ಒಹಾಕಾ ಬೆಟ್ಟಗಳ ಮೂಲನಿವಾಸಿ ರೈತರಿಗೆ ಇದ್ದದ್ದು ಸಣ್ಣಪುಟ್ಟ ತೋಟ. ಹಣ್ಣು ಕೊಯ್ದು, ಸಿಪ್ಪೆ ಬಿಡಿಸಿ, ತೊಳೆದು, ಕಣದಲ್ಲಿ ಒಣಗಿಸಿ ಮೂಟೆ ಕಟ್ಟುವವರೆಗೆ ಮನೆಯವರದೇ ಮೈಮುರಿತ. ಆಮೇಲೆ ಬೆಟ್ಟ ಇಳಿಸುವುದು ಹೇಗೆ? ರಸ್ತೆ ಇಲ್ಲ, ಲಾರಿ ಇಲ್ಲ. ದಲ್ಲಾಳಿ ಬರುತ್ತಾನೆ. ಅಲ್ಲಿ ಅವನನ್ನು 'ಕೊಯೊಟೆ' ಅಂತ ಕರೆಯುತ್ತಾರೆ, ನರಿಯಂಥ ಒಂದು ಪ್ರಾಣಿಯ ಹೆಸರು. ಕೊಯ್ಲಿಗೆ ಮೊದಲು ಮನೆಯಲ್ಲಿ ಕಾಸಿಲ್ಲದಾಗ ಮುಂಗಡ ಕೊಡುವವನೂ ಅವನೇ, ಕೊಯ್ಲಾದ ಮೇಲೆ ತೂಕ ಹಾಕುವವನೂ ಅವನೇ. ರೇಟ್ ಯಾರು ಹೇಳುತ್ತಾರೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

1983ರಲ್ಲಿ ಈ ರೈತರು ಉಸಿರಿ ಅನ್ನುವ ಸಹಕಾರ ಸಂಘ ಕಟ್ಟಿದರು. ಜೊತೆಗಿದ್ದವರು ಅಲ್ಲೇ ನೆಲೆಸಿದ್ದ ಡಚ್ ಪಾದ್ರಿ ಫ್ರಾನ್ಸ್ ವಾನ್ ಡೆರ್ ಹಾಫ್. ಕಾಫಿಯನ್ನು ಯುರೋಪಿಗೆ ನೇರ ಮಾರುವ ದಾರಿಗಳು ಆಗಲೇ ಇದ್ದವು. 1960ರ ದಶಕದ ಕೊನೆಯಿಂದ ನೆದರ್ಲೆಂಡ್ಸ್‌ನಲ್ಲಿ 'ವಿಶ್ವ ಅಂಗಡಿ'ಗಳು ಬಂದಿದ್ದವು. ಬಡ ದೇಶಗಳ ಕರಕುಶಲ ವಸ್ತು, ಕಾಫಿ, ಸಕ್ಕರೆ ಮಾರುತ್ತಿದ್ದವು. 1968ರಲ್ಲಿ ದೆಹಲಿಯಲ್ಲಿ ನಡೆದ ವಿಶ್ವಸಂಸ್ಥೆಯ ವ್ಯಾಪಾರ ಸಮ್ಮೇಳನದಲ್ಲಿ ಗಟ್ಟಿಯಾಗಿ ಕೇಳಿಬಂದ 'ನೆರವು ಬೇಡ, ವ್ಯಾಪಾರ ಕೊಡಿ' ಅನ್ನುವ ಮಾತು ಅವುಗಳ ಘೋಷಣೆಯೇ ಆಗಿತ್ತು. ಆದರೆ ಅಲ್ಲಿಗೆ ಹೋಗುತ್ತಿದ್ದವರು ಕಟ್ಟಾ ಹೋರಾಟಗಾರರು ಮಾತ್ರ. ಕಾಫಿಯ ರುಚಿಯೂ ಅಷ್ಟಕ್ಕಷ್ಟೇ ಅಂತ ಆಗ ಕುಡಿದವರೇ ತಮಾಷೆ ಮಾಡುತ್ತಾರೆ.

ಹಾಫ್ ಮತ್ತು ಸಾಲಿಡಾರಿಡಾಡ್ ಅನ್ನುವ ಡಚ್ ನೆರವು ಸಂಸ್ಥೆಯ ನಿಕೊ ರೋಝನ್ ಇದನ್ನೇ ಬದಲಿಸಿದರು. ಬೇರೆ ಅಂಗಡಿ ಯಾಕೆ, ಮಾಮೂಲಿ ಸೂಪರ್ ಮಾರ್ಕೆಟ್ಟಿನಲ್ಲೇ ಇರಲಿ. ಬೇರೆ ಬ್ರ್ಯಾಂಡೂ ಬೇಡ, ನಿಯಮ ಪಾಲಿಸುವ ಯಾವ ಕಂಪನಿ ಬೇಕಾದರೂ ಮುದ್ರೆ ಹಾಕಿಕೊಳ್ಳಲಿ. ನಿಯಮಗಳಲ್ಲಿ ಮುಖ್ಯವಾದದ್ದು ಕನಿಷ್ಠ ಬೆಲೆ. 1990ರ ದಶಕದಲ್ಲಿ ಮಧ್ಯ ಅಮೆರಿಕದ ಅರೇಬಿಕಾಗೆ ಅದು ಪೌಂಡಿಗೆ 1.21 ಡಾಲರ್, ಮೇಲೆ ಊರಿನ ಕೆಲಸಕ್ಕೆ 5 ಸೆಂಟ್. ಹಳೆ ಒಪ್ಪಂದದ ಕೆಳಮಿತಿ 1.20 ಇತ್ತು ಅಂತ ಆಗಲೇ ಹೇಳಿದೆನಲ್ಲ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು ನಿಯಮದ ಬಗ್ಗೆ ಜಾಸ್ತಿ ಯಾರೂ ಮಾತಾಡುವುದಿಲ್ಲ. ಸಂಘ ಕೇಳಿದರೆ ಖರೀದಿದಾರರು ಒಪ್ಪಂದದ ಮೊತ್ತದ ಶೇ. 60ರವರೆಗೆ ಮುಂಗಡ ಸಿಗುವಂತೆ ಮಾಡಬೇಕು. ದಲ್ಲಾಳಿಯ ನಿಜವಾದ ಹಿಡಿತ ಇದ್ದದ್ದು ಮುಂಗಡದಲ್ಲೇ ಅನ್ನುವುದು ಬೆಟ್ಟದಲ್ಲಿ ಬದುಕಿದವರಿಗೆ ಗೊತ್ತಿತ್ತು.

ಮುದ್ರೆಗೆ ನಿಜವಾದ ಪರೀಕ್ಷೆ 2001ರಲ್ಲಿ ಬಂತು. ವಿಯೆಟ್ನಾಂ ಒಂದೇ ದಶಕದಲ್ಲಿ ಜಗತ್ತಿನ ಎರಡನೇ ದೊಡ್ಡ ಉತ್ಪಾದಕನಾಗಿ ಬೆಳೆದಿತ್ತು, ಬ್ರೆಜಿಲ್‌ನಲ್ಲೂ ಫಸಲು ಜಾಸ್ತಿ. ನ್ಯೂಯಾರ್ಕ್ ಬೆಲೆ 45 ಸೆಂಟ್ ಆಸುಪಾಸಿಗೆ ಇಳಿಯಿತು. ಅಂಗಡಿಯಲ್ಲಿ ಕಾಫಿ ಅಗ್ಗವಾಯಿತಾ? ಇಲ್ಲ. 1990ರ ದಶಕದ ಆರಂಭದಲ್ಲಿ ಜಗತ್ತಿನ ಚಿಲ್ಲರೆ ಕಾಫಿ ವ್ಯಾಪಾರ ಸುಮಾರು 3,000 ಕೋಟಿ ಡಾಲರ್ ಇದ್ದಾಗ ಬೆಳೆಯುವ ದೇಶಗಳಿಗೆ 1,000ದಿಂದ 1,200 ಕೋಟಿ ಬರುತ್ತಿತ್ತು. ಹತ್ತು ವರ್ಷದ ನಂತರ ವ್ಯಾಪಾರ 7,000 ಕೋಟಿಗೆ ಏರಿತ್ತು, ಬೆಳೆಯುವ ದೇಶಗಳ ಪಾಲು ಸುಮಾರು 550 ಕೋಟಿಗೆ ಇಳಿದಿತ್ತು. ಇದು ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯೇ ಕೊಟ್ಟ ಲೆಕ್ಕ.

ಆ ವರ್ಷಗಳಲ್ಲಿ ಫೇರ್ ಟ್ರೇಡ್ ಸಂಘಗಳಿಗೆ 1.26 ಡಾಲರ್ ಸಿಗುತ್ತಿತ್ತು, ಮಾರುಕಟ್ಟೆಯ ಎರಡೂವರೆ ಪಟ್ಟಿಗಿಂತ ಜಾಸ್ತಿ. ಆದರೆ ಸಂಘದ ಎಲ್ಲ ಕಾಫಿಗೂ ಅಲ್ಲ. ಮುದ್ರೆಯಡಿ ಎಷ್ಟು ಮೂಟೆಗೆ ಗಿರಾಕಿ ಇದ್ದಾರೋ ಅಷ್ಟಕ್ಕೆ ಮಾತ್ರ, ಉಳಿದದ್ದು ಮಾಮೂಲಿ ದರಕ್ಕೆ. ಹುಟ್ಟಿದ ನೆದರ್ಲೆಂಡ್ಸ್‌ನಲ್ಲೇ ಮುದ್ರೆಯ ಪಾಲು ಹಲವು ವರ್ಷ ಶೇ. 3ರ ಆಸುಪಾಸಿನಲ್ಲೇ ನಿಂತಿತ್ತು. ಸರ್ಕಾರಗಳ ಕೋಟಾ ಇಡೀ ಬೆಳೆಗೆ ಅನ್ವಯಿಸುತ್ತಿತ್ತು, ಮುದ್ರೆ ಗಿರಾಕಿ ಎತ್ತಿಕೊಂಡ ಪೊಟ್ಟಣಕ್ಕೆ ಮಾತ್ರ.

ನಮ್ಮಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ಆಯಿತು. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಬಂದದ್ದು 1942ರ ಕಾಫಿ ಕಾಯ್ದೆ. ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ 'ಪೂಲ್'ಗೆ, ಅಂದರೆ ಎಲ್ಲರದನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಕೊಡಬೇಕು, ಹಣ ಕಂತುಕಂತಾಗಿ ಬರುತ್ತದೆ. ಕಂತು ಕಾದು ಬೇಸತ್ತವರೇ ಎಲ್ಲ. ರಫ್ತಿಗೆ ಸೋವಿಯತ್ ಒಕ್ಕೂಟ ದೊಡ್ಡ ಆಸರೆಯಾಗಿತ್ತು, 1991ರಲ್ಲಿ ಅದೂ ಒಡೆದುಹೋಯಿತು. 1992ರಿಂದ ಹಂತಹಂತವಾಗಿ ಸಡಿಲವಾದ ಪೂಲ್ 1996ರಲ್ಲಿ ಪೂರ್ತಿ ಹೋಯಿತು. ಆಗ ಬೆಲೆ ಚೆನ್ನಾಗಿತ್ತು, ಮಲೆನಾಡಿನಲ್ಲಿ ಸಂಭ್ರಮವೂ ಇತ್ತು. 2001ರಲ್ಲಿ ಬೆಲೆ ಬಿದ್ದಾಗ ಸಾಲ ತೀರಿಸಲಾಗದೆ ಒದ್ದಾಡಿದವರೂ ಅವರೇ.

ಹಾಗಾದರೆ ಕರ್ನಾಟಕದ ಕಾಫಿಯಲ್ಲಿ ಈ ಮುದ್ರೆ ಯಾಕೆ ಅಷ್ಟಾಗಿ ಕಾಣುವುದಿಲ್ಲ? ಅದು ಕೇಳುವುದು ಸಂಘವನ್ನು, ನಮ್ಮಲ್ಲಿ ಹೆಚ್ಚಿನವರು ಒಬ್ಬೊಬ್ಬರೇ ಏಜೆಂಟರಿಗೋ, ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗೋ ಮಾರುತ್ತಾರೆ. ಇನ್ನೊಂದು, ಕಾಫಿಯ ಮಟ್ಟಿಗೆ ಮುದ್ರೆ ಕೊಡುವುದು ಮುಖ್ಯವಾಗಿ ಮನೆಯವರೇ ದುಡಿಯುವ ಸಣ್ಣ ರೈತರಿಗೆ. ನಮ್ಮಲ್ಲಿ 10 ಹೆಕ್ಟೇರ್‌ವರೆಗೆ ಸಣ್ಣ ಬೆಳೆಗಾರ ಅಂತಲೇ ಲೆಕ್ಕ, ಕೊಯ್ಲಿಗೆ ಕೂಲಿಯವರು ಬೇಕೇ ಬೇಕು. ಈಗ ಲೈನ್ ಮನೆಗಳಲ್ಲಿ ಅಸ್ಸಾಂನಿಂದ ಬಂದವರೂ ಇದ್ದಾರೆ.

ಕೂಲಿಯವರ ವಿಷಯ ಫೇರ್ ಟ್ರೇಡ್‌ಗೆ ಹಳೆಯ ನೋವು. 2014ರಲ್ಲಿ ಲಂಡನ್ನಿನ ಸೋವಾಸ್ (SOAS) ವಿಶ್ವವಿದ್ಯಾಲಯದ ಸಂಶೋಧಕರು ಇಥಿಯೋಪಿಯಾ, ಉಗಾಂಡಾಗಳಲ್ಲಿ ನಡೆಸಿದ ಅಧ್ಯಯನ ಪ್ರಕಟಿಸಿದರು. ಮುದ್ರೆ ಪಡೆದ ಸಂಘಗಳಿದ್ದ ಕಡೆ ಕೂಲಿಯವರ ಸ್ಥಿತಿ ಉಳಿದ ಕಡೆಗಿಂತ ಮೇಲಾಗಿರಲಿಲ್ಲ, ಹಲವೆಡೆ ಕೂಲಿ ಇನ್ನೂ ಕಡಿಮೆ ಇತ್ತು ಅಂತ ಅದು ಹೇಳಿತು. ಸಣ್ಣ ಸಂಘಗಳನ್ನು ದೊಡ್ಡ ತೋಟಗಳಿಗೆ ಹೋಲಿಸಿದ್ದು ಸರಿಯಲ್ಲ ಅಂತ ಫೇರ್ ಟ್ರೇಡ್ ಸಂಸ್ಥೆ ತಕರಾರು ತೆಗೆಯಿತು. ತಕರಾರಿನಲ್ಲಿ ಹುರುಳಿದೆ. ಆದರೂ ರೈತನಿಗೆ ಸಿಕ್ಕ ಹಣ ಅವನ ತೋಟದಲ್ಲಿ ದುಡಿಯುವವಳ ಕೈಗೆ ತಾನಾಗೇ ಹರಿಯುತ್ತದೆ ಅಂತ ನಂಬುವುದು ಕಷ್ಟ. ದೊಡ್ಡ ಎಸ್ಟೇಟುಗಳಿಗೂ ಮುದ್ರೆ ಕೊಡಬೇಕು ಅನ್ನುವ ಪ್ರಶ್ನೆಯ ಮೇಲೇ 2011ರಲ್ಲಿ ಅಮೆರಿಕದ ಶಾಖೆ ಅಂತರರಾಷ್ಟ್ರೀಯ ಸಂಸ್ಥೆಯಿಂದ ಹೊರನಡೆದಿತ್ತು.

ಕನಿಷ್ಠ ಬೆಲೆ 2011ರಲ್ಲಿ 1.40, 2023ರಲ್ಲಿ 1.80 ಡಾಲರ್ ಆಯಿತು. ಹೆಚ್ಚಳ ಅನ್ನಿಸುತ್ತದೆ. ಆದರೆ 1988ರ 1.20 ಡಾಲರ್‌ಗೆ ಅಮೆರಿಕದ ಹಣದುಬ್ಬರ ಸೇರಿಸಿದರೆ 2023ಕ್ಕೆ 3 ಡಾಲರ್ ದಾಟುತ್ತದೆ. ಅಂದರೆ ಸರ್ಕಾರಗಳು ಕಾಯುತ್ತಿದ್ದ ಮಟ್ಟದ ಮುಕ್ಕಾಲು ಪಾಲೂ 2023ರ 'ನ್ಯಾಯದ ಬೆಲೆ'ಯಲ್ಲಿ ಇರಲಿಲ್ಲ.

2025ರ ಆರಂಭದಲ್ಲಿ ಇದು ಯಾರಿಗೂ ಚುಚ್ಚಲಿಲ್ಲ, ಯಾಕೆಂದರೆ ಆ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಬೆಲೆ 4 ಡಾಲರ್ ದಾಟಿತ್ತು. ಇಂಥ ಹೊತ್ತಿನಲ್ಲಿ ಸಂಘಗಳಿಗೆ ತಲೆನೋವು ಬೇರೆ. ಹಿಂದಿನ ದರಕ್ಕೆ ಒಪ್ಪಂದ ಆಗಿರುತ್ತದೆ, ಹೊರಗೆ ದಲ್ಲಾಳಿ ನಗದು ಹಿಡಿದು ಅದಕ್ಕಿಂತ ಜಾಸ್ತಿ ಕೊಡುತ್ತೇನೆ ಅಂತ ಬಾಗಿಲಲ್ಲಿ ನಿಂತಿರುತ್ತಾನೆ. ಬೆಲೆ ದಿಢೀರ್ ಏರಿದ 2021ರಲ್ಲಿ ಕೊಲಂಬಿಯಾದ ಎಷ್ಟೋ ರೈತರು ಸಂಘಕ್ಕೆ ಮಾತು ಕೊಟ್ಟ ಕಾಫಿಯನ್ನು ಹೀಗೇ ಹೊರಗೆ ಮಾರಿದರು, ನಷ್ಟ ಸಂಘಗಳ ತಲೆಗೆ ಬಂತು. ಅವರನ್ನು ದೂರುವ ಮನಸ್ಸು ನನಗಂತೂ ಬರುವುದಿಲ್ಲ. ಬೆಲೆ ಬಿದ್ದ ವರ್ಷಗಳಲ್ಲಿ ಮಾಡಿದ ಸಾಲ ಅವರು ತೀರಿಸಬೇಕಿತ್ತು.