ಮೈಕೋಸಿಸ್ ಫಂಗಾಯ್ಡಿಸ್: ಹೆಸರಿಗೆ ಮಾತ್ರ ಫಂಗಸ್

ಮಂಗಳೂರು, ಉಡುಪಿ ಕಡೆಯ ಸೆಕೆಗೆ ಹುಳುಕಡ್ಡಿ ಬಾರದ ಮನೆ ಕಡಿಮೆ. ತೊಡೆಯಲ್ಲೋ ಸೊಂಟದಲ್ಲೋ ಕಲೆ ಎದ್ದರೆ ಮೆಡಿಕಲ್‌ನಿಂದ ಟ್ಯೂಬ್ ತಂದು ಹಚ್ಚುವುದೇ ರೂಢಿ. ಹೆಚ್ಚಿನ ಸಲ ಅದು ಹುಳುಕಡ್ಡಿಯೇ. ಬಹಳ ಅಪರೂಪಕ್ಕೆ ಮೈಕೋಸಿಸ್ ಫಂಗಾಯ್ಡಿಸ್ ಆಗಿರುತ್ತದೆ.

ಇದು ಫಂಗಸ್ ಅಲ್ಲ. 19ನೇ ಶತಮಾನದಲ್ಲಿ ಫ್ರಾನ್ಸಿನ ಡಾಕ್ಟರ್ ಅಲಿಬೇರ್, ರೋಗಿಯ ಮೈಮೇಲಿನ ಅಣಬೆಯಂಥ ಗಡ್ಡೆ ನೋಡಿ ಇಟ್ಟ ಹೆಸರು ಹಾಗೇ ಉಳಿಯಿತು. ನಿಜಕ್ಕೂ ಇದು ಚರ್ಮದ ಟಿ-ಸೆಲ್ ಲಿಂಫೋಮಾ, ಅಂದರೆ ಒಂದು ಬಗೆಯ ಕ್ಯಾನ್ಸರ್. ಸೋಂಕಿನ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣಗಳೇ ಹದಗೆಟ್ಟು ಚರ್ಮದಲ್ಲಿ ಬೀಡುಬಿಡುತ್ತವೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ.

ಹುಳುಕಡ್ಡಿಯ ಅಂಚು ಉಬ್ಬಿ, ನಡುವೆ ತಿಳಿಯಾಗಿರುತ್ತದೆ. ಮೈಕೋಸಿಸ್ ಫಂಗಾಯ್ಡಿಸ್‌ನ ಕಲೆ ತೆಳ್ಳಗೆ, ಸ್ವಲ್ಪ ಸುಕ್ಕಾಗಿ, ಹೆಚ್ಚಾಗಿ ಬಿಸಿಲು ಬೀಳದ ಜಾಗದಲ್ಲಿ ಕೂರುತ್ತದೆ. ನಮ್ಮಂಥ ಕಂದು ಚರ್ಮದವರಲ್ಲಿ, ಅದರಲ್ಲೂ ಮಕ್ಕಳಲ್ಲಿ, ಬಿಳಿಚಿದ ಕಲೆಯಾಗಿಯೂ ಬರಬಹುದು. ಆಗ ಸಿಬ್ಬವೋ ತೊನ್ನೋ ಕುಷ್ಠವೋ ಎಂಬ ಗೊಂದಲ. ಕುಷ್ಠದ ಕಲೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ಗೊತ್ತಾಗುವುದಿಲ್ಲ, ಇದರಲ್ಲಿ ಗೊತ್ತಾಗುತ್ತದೆ. ನಮ್ಮೂರಲ್ಲಿ ನಾಗದೋಷದ ಮಾತೂ ಬರುತ್ತದೆ. ಆಶ್ಲೇಷ ಬಲಿ ಬೇಡ ಅನ್ನುವವ ನಾನಲ್ಲ, ಆದರೆ ಬಯಾಪ್ಸಿ (ಚರ್ಮದ ಚೂರು ತೆಗೆದು ನೋಡುವ ಪರೀಕ್ಷೆ) ತಪ್ಪಿಸಬೇಡಿ.

ಆ ಬಯಾಪ್ಸಿಯೂ ಎಲ್ಲರಿಗೂ ಒಂದೇ ಸಲಕ್ಕೆ ಉತ್ತರ ಕೊಡುವುದಿಲ್ಲ. ಆರಂಭದಲ್ಲಿ ಕೆಟ್ಟ ಕಣಗಳು ಕಡಿಮೆ, ನೋಡಲು ಇಸುಬಿನಂತೆಯೇ ಇರುತ್ತದೆ. ಮೆಡಿಕಲ್‌ನ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇದ್ದರಂತೂ ಕಣಗಳು ಅಡಗಿಬಿಡುತ್ತವೆ. ಅದಕ್ಕೇ ಚರ್ಮದ ಡಾಕ್ಟರು ಎರಡು ಮೂರು ವಾರ ಏನೂ ಹಚ್ಚಬೇಡಿ ಅನ್ನುತ್ತಾರೆ. ಆಮೇಲೆ ಎರಡು ಮೂರು ಜಾಗದಿಂದ ಚರ್ಮದ ಚೂರು ತೆಗೆದು, ಕಣಗಳ ಮೇಲಿರುವ ಸಿಡಿ3, ಸಿಡಿ4, ಸಿಡಿ7 ಎಂಬ ಪ್ರೋಟೀನ್ ಗುರುತುಗಳನ್ನು ನೋಡುತ್ತಾರೆ. ಕಣಗಳೆಲ್ಲ ಒಂದೇ ಮೂಲದವೇ ಎಂದು ತಿಳಿಯಲು ಜೀನ್ ಪರೀಕ್ಷೆಯೂ ಇದೆ. ಖಚಿತವಾಗಲು ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಬೇರೆ ಆಸ್ಪತ್ರೆಗೆ ಹೋಗುವಾಗ ರಿಪೋರ್ಟ್ ಮಾತ್ರ ಸಾಲದು, ಹಳೆಯ ಸ್ಲೈಡು, ಬ್ಲಾಕುಗಳನ್ನೂ (ಮೇಣದಲ್ಲಿ ಕಾದಿಟ್ಟ ಚರ್ಮದ ಚೂರು) ಕೇಳಿ ಪಡೆಯಿರಿ.

ಕಲೆಯ ಹಂತದಲ್ಲೇ ಸಿಕ್ಕರೆ ಸ್ಟೀರಾಯ್ಡ್ ಮುಲಾಮು, ಇಲ್ಲವೇ ಬೆಳಕಿನ ಚಿಕಿತ್ಸೆ. ಸುತ್ತ ಟ್ಯೂಬ್‌ಲೈಟುಗಳಿರುವ ಗೂಡಿನೊಳಗೆ ಕನ್ನಡಕ ಹಾಕಿ ನಿಲ್ಲಬೇಕು, ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ. ಬೈಂದೂರಿನಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಬರುವವರಿಗೆ ಚಿಕಿತ್ಸೆಗಿಂತ ಓಡಾಟವೇ ಜಾಸ್ತಿ ಸುಸ್ತು.

ಕ್ಯಾನ್ಸರ್ ಅಂದಮೇಲೆ ಕಿಮೋ ಯಾಕಿಲ್ಲ? ಮನೆಯವರು ಕೇಳುವುದು ಸಹಜ ಅಲ್ವಾ. ಅಮೆರಿಕದಲ್ಲಿ 103 ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿದ್ದರು. ಮೊದಲಿಗೇ ಜೋರಾಗಿ ಕಿಮೋ, ರೇಡಿಯೇಶನ್ ಪಡೆದವರು ಮೃದು ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಕಾಲವೇನೂ ಬದುಕಲಿಲ್ಲ, ತೊಂದರೆ ಮಾತ್ರ ಹೆಚ್ಚಾಯಿತು ಎಂದು 1989ರಲ್ಲಿ ಗೊತ್ತಾಯಿತು. ಗಡ್ಡೆಯಾದರೆ ಆ ಜಾಗಕ್ಕೆ ಕಡಿಮೆ ಪ್ರಮಾಣದ ರೇಡಿಯೇಶನ್ ಸಾಕಾಗುವುದುಂಟು. ಮೈಯೆಲ್ಲ ಕೆಂಪಾಗಿ ರಕ್ತಕ್ಕೂ ಹಬ್ಬುವುದು ಸೆಜಾರಿ ಸಿಂಡ್ರೋಮ್, ಅದರ ಲೆಕ್ಕವೇ ಬೇರೆ. ಕೆಲವರಿಗೆ ಮೆಥೊಟ್ರೆಕ್ಸೇಟ್ ಮಾತ್ರೆ ಬರೆಯುತ್ತಾರೆ. ಅದು ವಾರಕ್ಕೊಮ್ಮೆ ಮಾತ್ರ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ಹಾಗಾಗಿ ವಾರದ ಯಾವ ದಿನ ಅಂತ ಚೀಟಿಯಲ್ಲೇ ದೊಡ್ಡದಾಗಿ ಬರೆಸಿಕೊಳ್ಳಿ.